ಉಜ್ಜದೆ ಬಿಟ್ಟ ಬೆಸುಗೆ

ವೆಲ್ಡಿಂಗ್ ಶೆಡ್ಡಿನಲ್ಲಿ ಎಲ್ಲರೂ ಜೇನು ಎಂದು ಕರೆಯುವವನು ಹಾಕಿದ ಬೆಸುಗೆಯನ್ನು ಉಜ್ಜುವಾಗ ಗ್ರೈಂಡರಿನ ದನಿಯೇ ಬೇರೆ. ಗಟ್ಟಿ ಲೋಹದ ಮೇಲೆ ಒಂದೇ ಸಮನೆ ಕೂಗುವ ಚಕ್ರ ಅವನ ಕೆಲಸದ ಮೇಲೆ ಬಂದ ಕೂಡಲೇ ತೊದಲತೊಡಗುತ್ತದೆ. ತೊದಲಿದ ಕಡೆಯೆಲ್ಲ ಒಂದೊಂದು ಸಣ್ಣ ತೂತು. ಅವಳು ಗೇಟಿನ ಚೌಕಟ್ಟಿನ ಪಕ್ಕ ಮೊಣಕಾಲೂರಿ, ಗ್ರೈಂಡರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಿಡಿಗಳೆಲ್ಲ ಖಾಲಿ ಗೋಡೆಯ ಕಡೆಗೇ ಹಾರುವಂತೆ ಮೈ ವಾಲಿಸಿಕೊಂಡು, ಆ ತೊದಲನ್ನು ಕೇಳುತ್ತಲೇ ಉಜ್ಜುತ್ತಿದ್ದಳು. ಉಬ್ಬು ಹೋಯಿತು, ಎರಡು ತೂತು ಉಳಿದವು. ಸ್ವಿಚ್ಚು ಆರಿಸಿ, ಚಕ್ರ ಪೂರ್ತಿ ನಿಲ್ಲುವವರೆಗೂ ಕಾದು, ಸೀಮೆಸುಣ್ಣದಿಂದ ಒಂದು ಸುತ್ತು ಹಾಕಿದಳು.

"ಜೇನೂ, ಬಾರೋ ಇಲ್ಲಿ. ನಿನ್ನ ಗೂಡಲ್ಲಿ ಎರಡು ಮನೆ ಖಾಲಿ ಇದೆ, ಬಾಡಿಗೆಗೆ ಕೊಡ್ತೀಯಾ?"

"ಅಕ್ಕಾ, ಮೆಲ್ಲಗೆ! ಮೇಸ್ತ್ರಿಗೆ ಕೇಳಿಸುತ್ತೆ."

"ಅವರಿಗೆ ಕೇಳಿಸೋದೇನು, ನಿನಗೆ ಆ ಹೆಸರಿಟ್ಟೋರೇ ಅವರು."

ಜೇನು ಮೂವತ್ತು ದಾಟಿದ, ಮದುವೆಯಾಗಿ ಎರಡು ಮಕ್ಕಳಿರುವ ಆಳು. ಕೈ ಚುರುಕು, ತಾಳ್ಮೆ ಕಡಿಮೆ. ವೆಲ್ಡಿಂಗ್ ರಾಡುಗಳನ್ನು ಬಿಸಿ ಪೆಟ್ಟಿಗೆಯಲ್ಲಿಡದೆ ಕಿಟಕಿಯ ಕಟ್ಟೆಯ ಮೇಲೆ ಬಿಸಾಕುತ್ತಿದ್ದ. ಗಾಳಿಯ ತೇವ ಕುಡಿದ ರಾಡು ಉರಿಯುವಾಗ ಒಳಗೆ ಆವಿ ಎದ್ದು ಬೆಸುಗೆಯೆಲ್ಲ ತೂತು ತೂತಾಗಿ ಜೇನುಗೂಡಿನ ಹಾಗೆ ಕಾಣುತ್ತಿತ್ತು. ಅವನು ಹಲ್ಲು ಕಿರಿಯುತ್ತ ಬಂದು, ಸುತ್ತು ಹಾಕಿದ ಜಾಗವನ್ನು ಕೆತ್ತಿ ಮತ್ತೆ ಬೆಸೆದ. ಅವಳು ಮತ್ತೆ ಉಜ್ಜಿದಳು. ಮೇಸ್ತ್ರಿ ಬಂದು ನೋಡುವ ಹೊತ್ತಿಗೆ ಗೇಟಿನ ಮೂಲೆ ನುಣ್ಣಗೆ ಹೊಳೆಯುತ್ತಿತ್ತು.

ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪಾಲಿಶಕ್ಕ ಎಂದು. ಇಲ್ಲಿಂದ ಹೊರಗೆ ಹೋದ ಪ್ರತಿ ಗೇಟು, ಪ್ರತಿ ಕಿಟಕಿಯ ಮೇಲೆ ವರ್ಷಗಳಿಂದ ಅವಳ ಕೈ ಓಡಿತ್ತು. ಆದರೆ ಎಲ್ಲಿಯೂ ಅವಳ ಕೈ ಕಾಣುತ್ತಿರಲಿಲ್ಲ. ಉಜ್ಜುವ ಕೆಲಸವೇ ಹಾಗೆ. ಚೆನ್ನಾಗಿ ಆಯಿತು ಅಂದರೆ ಮಾಡಿದ್ದು ಗೊತ್ತೇ ಆಗಬಾರದು. ಮನೆಯಲ್ಲೂ ಅವಳದು ಅದೇ ಕೆಲಸ. ಅತ್ತೆ ಒಂದು ಮಾತು ಚುಚ್ಚಿದರೆ ಗಂಡನ ಕಿವಿಗೆ ಬೀಳುವ ಮೊದಲೇ ಅದರ ಮೊನೆ ಮುರಿದಿಡುವುದು, ಗಂಡ ಗುರ್ರೆಂದರೆ ಅದನ್ನು ನಗುವಾಗಿಸಿ ಅತ್ತೆಗೆ ದಾಟಿಸುವುದು. ಇಬ್ಬರೂ ತಾವು ಬಲು ಸಮಾಧಾನದ ಜನ ಎಂದೇ ತಿಳಿದುಕೊಂಡಿದ್ದರು.

ಅವಳಿಗೆ ಬೆಸೆಯುವುದನ್ನು ಕಲಿಸಿದ್ದು ಮೇಸ್ತ್ರಿ. ಒಂದು ದಿನ ಊಟದ ಬಿಡುವಿನಲ್ಲಿ, "ಇಷ್ಟು ವರ್ಷ ಎಲ್ಲರ ತಪ್ಪು ನೋಡಿದ್ದೀಯ. ಇನ್ನು ನೀನೇ ಒಂದು ತಪ್ಪು ಮಾಡಿ ನೋಡು" ಎಂದು ರಾಡು ಕಚ್ಚಿ ಹಿಡಿಯುವ ಹೋಲ್ಡರನ್ನು ಕೈಗೆ ಕೊಟ್ಟರು. ಅಂದಿನಿಂದ ಬಿಡುವಿನಲ್ಲೆಲ್ಲ ತುಂಡು ಕಬ್ಬಿಣದ ಮೇಲೆ ಅವಳ ಪಾಠ. ಶುರುವಿನಲ್ಲಿ ರಾಡು ಅಂಟಿಕೊಂಡು ಬಿಡುತ್ತಿತ್ತು. ಅವಳು ಕರುವಿನ ಬಾಯಿಂದ ಹಗ್ಗ ಎಳೆಯುವವಳಂತೆ ಜಗ್ಗುತ್ತಿದ್ದಳು. ಮೇಸ್ತ್ರಿ ನಗುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಅವರು ನಗುತ್ತಿರಲಿಲ್ಲ. ಆ ಶೆಡ್ಡಿನಲ್ಲಿ ಕಿಡಿ ಹೊತ್ತಿಸುವ ಮೊದಲು ಯಾರೇ ಆಗಲಿ "ಕಣ್ಣು!" ಎಂದು ಗಟ್ಟಿಯಾಗಿ ಕೂಗಬೇಕು. ಕೂಗು ಕೇಳಿದವರು ಮುಖ ತಿರುಗಿಸಬೇಕು, ಹೆಲ್ಮೆಟ್ಟಿದ್ದವರು ಗಾಜು ಇಳಿಸಬೇಕು. ಒಮ್ಮೆ ಅವಳು ಯಾರದೋ ಕೂಗನ್ನು ಉದಾಸೀನ ಮಾಡಿ ಬರಿಗಣ್ಣಲ್ಲಿ ನೋಡಿಬಿಟ್ಟಿದ್ದಳು. ಆ ರಾತ್ರಿಯಿಡೀ ಕಣ್ಣಿಗೆ ಮರಳು ಸುರಿದಂತೆ ಉರಿ. ಆಮೇಲೆ ಅವಳ ಕೂಗು ಪಕ್ಕದ ಬೀದಿಗೂ ಕೇಳಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ದೊಡ್ಡದೊಂದು ಕೆಲಸ ಬಂತು. ಹೆಣ್ಣುಮಕ್ಕಳ ಎತ್ತರದ ಹಾಸ್ಟೆಲ್ಲಿಗೆ ಹಿಂಬದಿಯಲ್ಲಿ ಕಬ್ಬಿಣದ ಮೆಟ್ಟಿಲು. ಒಳಗೆ ಬೆಂಕಿ ಬಿದ್ದರೆ ಹುಡುಗಿಯರು ಇಳಿದು ಓಡಲು. ಪರೀಕ್ಷೆ ಪಾಸಾದ ವೆಲ್ಡರುಗಳೇ ಅದನ್ನು ಬೆಸೆಯಬೇಕು ಎಂಬುದು ಕರಾರು. ಶೆಡ್ಡಿನಲ್ಲಿ ಮೇಸ್ತ್ರಿ ಮತ್ತು ಇನ್ನೊಬ್ಬರ ಹತ್ತಿರ ಮಾತ್ರ ಆ ಸರ್ಟಿಫಿಕೇಟು ಇತ್ತು. ಇನ್ನೂ ಇಬ್ಬರು ಬೇಕು.

"ಜೇನು ಹೋಗ್ತಾನೆ, ಪಾಲಿಶಕ್ಕನೂ ಹೋಗ್ತಾಳೆ" ಎಂದರು ಮೇಸ್ತ್ರಿ.

ಶೆಡ್ಡಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಜೇನು ಸರಿ. ಇವಳು?"

"ಇವಳೇ ಮೊದಲು."

"ನೋಡಮ್ಮ," ಯಜಮಾನರು ಅವಳಿಗೇ ಹೇಳಿದರು, "ಪಾಸಾದ್ರೆ ವೆಲ್ಡಿಂಗ್ ಜಾಗ ನಿಂದೇ. ಆಗ್ಲಿಲ್ಲ ಅಂದ್ರೆ ಹೊರಗಿಂದ ಒಬ್ಬನ್ನ ತಂದು ಆ ಜಾಗ ತುಂಬಿಸ್ತೀನಿ. ಆಮೇಲೆ ಮತ್ತೆ ಖಾಲಿ ಮಾಡ್ಕೊಡಿ ಅಂತ ಕೇಳ್ಬೇಡ."

ಅವಳು ತಲೆಯಾಡಿಸಿದಳು.

ಮನೆಯಲ್ಲಿ ಗಂಡ ಮೂಗು ಮುರಿದ. "ಉಜ್ಜೋ ಕೆಲಸಕ್ಕೇನು ಕಮ್ಮಿಯಾಗಿದೆ? ಈ ವಯಸ್ಸಲ್ಲಿ ಪರೀಕ್ಷೆ ಅಂತೆ."

"ನಿನಗೆ ಯಾವ ವಯಸ್ಸಲ್ಲೂ ಪರೀಕ್ಷೆ ಪಾಸಾಗ್ಲಿಲ್ಲ, ಬಿಡು" ಎಂದರು ಅತ್ತೆ, ತಟ್ಟೆಯಿಂದ ತಲೆ ಎತ್ತದೆ.

ಅಭ್ಯಾಸಬಲದಿಂದ ಅವಳು ಇಬ್ಬರ ನಡುವೆ ಬಾಯಿ ಹಾಕಿ, "ಅವರು ಹೇಳಿದ್ದು ಹಾಗಲ್ಲ ಅತ್ತೆ, ನನಗೆ ಆಯಾಸ ಆಗುತ್ತೆ ಅಂತ ಅಷ್ಟೆ" ಎಂದು ಮಾತನ್ನು ನುಣ್ಣಗೆ ಮಾಡಿದಳು.

ಪರೀಕ್ಷೆ ನಡೆದದ್ದು ಊರಿನ ಆ ತುದಿಯ ತರಬೇತಿ ಕೇಂದ್ರದಲ್ಲಿ. ಉದ್ದನೆಯ ಕೋಣೆ, ಕಪ್ಪು ಪರದೆಗಳಿಂದ ಮರೆ ಮಾಡಿದ ಸಾಲು ಗೂಡುಗಳು, ಪ್ರತಿ ಗೂಡಿನ ಮೇಲೆ ಹೊಗೆ ಎಳೆಯುವ ಕೊಳವೆ. ಪರೀಕ್ಷಕರು ತೆಳ್ಳಗಿನ ಮನುಷ್ಯ, ಮಾತೂ ತೆಳ್ಳಗೆ. ಎರಡು ಉಕ್ಕಿನ ಪ್ಲೇಟುಗಳನ್ನು ಅಂಚಿಗೆ ಅಂಚು ಸೇರಿಸಿ, ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಪದರದ ಮೇಲೆ ಪದರ ಬೆಸೆಯಬೇಕು ಎಂದು ಹೇಳಿದರು.

"ನಡುವಿನ ಪದರ ಬೇಕಾದ್ರೆ ಉಜ್ಜಿಕೊಳ್ಳಿ. ಕೊನೇ ಪದರ ಹಾಕಿದ್ದು ಹಾಕಿದ ಹಾಗೇ ಇರ್ಬೇಕು. ಅದನ್ನ ಮುಟ್ಟಬಾರದು. ಅರ್ಥ ಆಯ್ತಾ?"

ಆಯಿತು ಎಂದರು ಎಲ್ಲರೂ. ಅವಳೂ ಅಂದಳು.

ಗೂಡಿಗೆ ಹೋದ ಮೇಲೆ ಅವಳಿಗೆ ಅವಸರವಿರಲಿಲ್ಲ. ಹತ್ತಿಯ ಪೂರ್ತಿ ತೋಳಿನ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಳು. ಜಡೆಯನ್ನು ಟೋಪಿಯೊಳಗೆ ತುರುಕಿದಳು. ಚರ್ಮದ ಏಪ್ರನ್ ಕಟ್ಟಿ, ಕೈಗವಸುಗಳ ಒಳಗೆ ಕೈ ಹಾಕಿ ಒಣಗಿವೆಯೇ ಎಂದು ನೋಡಿದಳು. ಒದ್ದೆ ಕೈಗವಸು ಹಾಕಿಕೊಂಡು ಹೋಲ್ಡರ್ ಮುಟ್ಟುವುದು ಕರೆಂಟನ್ನು ಮನೆಗೆ ಕರೆದ ಹಾಗೆ ಎಂದು ಮೇಸ್ತ್ರಿ ಹೇಳುತ್ತಿದ್ದರು. ಮಷೀನಿನಿಂದ ಹೋಲ್ಡರಿನವರೆಗೆ ಕೇಬಲ್ಲನ್ನು ಉದ್ದಕ್ಕೂ ತಡವಿ, ಎಲ್ಲಿಯೂ ಸಿಪ್ಪೆ ಸುಲಿದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಕರೆಂಟು ಮಷೀನಿಗೆ ಮರಳುವ ಅರ್ತ್ ಕ್ಲಾಂಪನ್ನು ಯಾರೋ ಮೇಜಿನ ತುಕ್ಕು ಹಿಡಿದ ಕಾಲಿಗೆ ಕಚ್ಚಿಸಿ ಹೋಗಿದ್ದರು. ಅದನ್ನು ಬಿಚ್ಚಿ, ಪ್ಲೇಟು ಹಿಡಿದ ಕಂಬಿಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಹೊಳಪು ಬಂದ ಜಾಗಕ್ಕೆ ಕಚ್ಚಿಸಿದಳು. ಸುತ್ತ ಕಾಗದ, ಎಣ್ಣೆಬಟ್ಟೆ ಏನಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು. ರಾಡುಗಳು ಬಿಸಿ ಪೆಟ್ಟಿಗೆಯಲ್ಲಿ ಬೆಚ್ಚಗಿದ್ದವು.

ಪಕ್ಕದ ಪರದೆಯ ಸಂದಿಯಿಂದ ಜೇನುವಿನ ಪಿಸುಮಾತು ಬಂತು. "ಅಕ್ಕಾ, ಮುಗಿದ್ಮೇಲೆ ನಂದರ ಮೇಲೆ ಮೆಲ್ಲಗೆ ಒಂದು ಕೈ ಓಡ್ಸ್ತೀಯಾ? ಯಾರಿಗೂ ಗೊತ್ತಾಗಲ್ಲ."

"ಹುಚ್ಚು ಹಿಡಿದಿದೆಯಾ? ಈಗ ತಾನೇ ಹೇಳಿದ್ರು, ಮುಟ್ಟಿದ್ರೆ ಹೋಯ್ತು. ಮೊದಲು ರಾಡನ್ನ ಪೆಟ್ಟಿಗೆಯಿಂದ ಒಂದೊಂದಾಗಿ ತಗೋ. ಹೊರಗೆ ಹರಡ್ಕೊಂಡು ಕೂತ್ಕೋಬೇಡ."

"ಸರಿ ಮೇಡಂ" ಎಂದ ಜೇನು, ಅಣಕಿಸಿ.

"ಕಣ್ಣು!" ಎಂದಳು ಅವಳು, ಮತ್ತು ಗಾಜು ಇಳಿಸಿದಳು.

ಕಪ್ಪು ಗಾಜಿನ ಹಿಂದೆ ಲೋಕ ಆರಿಹೋಗಿ, ರಾಡಿನ ತುದಿಯಲ್ಲಿ ಒಂದೇ ಒಂದು ಹಸಿರು ಬೆಳಕು ಉಳಿಯಿತು. ಅದರ ಕೆಳಗೆ ಕರಗಿದ ಲೋಹದ ಪುಟ್ಟ ಕೊಳ. ಕೊಳದ ಅಂಚು ಎರಡೂ ಬದಿಯನ್ನು ತಬ್ಬಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಒಂದು ಕೂದಲೆಳೆಯಷ್ಟು ಮೇಲೆ ಹೋಗಬೇಕು. ಹಿಂಜರಿದರೆ ಲೋಹ ಹೊಟ್ಟೆ ಬಿಟ್ಟುಕೊಂಡು ಜೋತು ಬೀಳುತ್ತದೆ, ಓಡಿದರೆ ಅಂಚು ಹಸಿದೇ ಉಳಿಯುತ್ತದೆ. ಪದರ ಮುಗಿದಾಗಲೆಲ್ಲ ಮೊನೆ ಸುತ್ತಿಗೆಯಿಂದ ಬೆಸುಗೆಯ ಮೇಲೆ ಕೂತ ಕಿಟ್ಟ ಕೆತ್ತಿ, ಬ್ರಷ್ಷಿನಿಂದ ತಿಕ್ಕಿ, ಮೂಲೆಗಳನ್ನು ಗ್ರೈಂಡರಿನಿಂದ ತೆರವು ಮಾಡಿ, ಮುಂದಿನದಕ್ಕೆ ಹೋದಳು. ಕೊನೆಯ ಪದರವೂ ಏರಿತು. ರಾಡು ಬದಲಿಸಿದ ಕಡೆ ಗುಬ್ಬಿಯಂಥ ಒಂದು ಸಣ್ಣ ಉಬ್ಬು ಎದ್ದಿತ್ತು, ಅಷ್ಟೆ.

ಆ ಗುಬ್ಬಿಯನ್ನು ಅವಳು ನೋಡಿದಳು. ಅಮ್ಮ ಮಗುವಿನ ಮೂಗು ಒರೆಸುವಾಗ ಯೋಚಿಸಿ ಒರೆಸುತ್ತಾಳೆಯೇ? ಗ್ರೈಂಡರು ಕೈಯಲ್ಲಿತ್ತು, ಕಿಡಿ ಹಾರಿತು, ಚಕ್ರ ಒಮ್ಮೆಯೂ ತೊದಲದೆ ಉದ್ದಕ್ಕೂ ಹಾಡಿತು. ಆ ಹಾಡಿಗೇ ಅವಳು ಮರುಳಾಗಿ ಮೇಲಿನಿಂದ ಕೆಳಗಿನವರೆಗೂ ಉಜ್ಜಿಬಿಟ್ಟಳು. ಪ್ಲೇಟು ಕನ್ನಡಿಯಾಯಿತು. ಕನ್ನಡಿಯಲ್ಲಿ ಅವಳ ಮುಖ ಮಂಕಾಗಿ ಕಂಡಿತು. ಆಗ ನೆನಪಾಯಿತು.

ಸ್ವಿಚ್ಚು ಆರಿಸಿ ಗ್ರೈಂಡರನ್ನು ಕೆಳಗಿಟ್ಟಳು.

ಪರೀಕ್ಷಕರು ಟಾರ್ಚು ಹಿಡಿದು ಬಂದರು. ಪ್ಲೇಟನ್ನು ಹಿಂದೆ ಮುಂದೆ ತಿರುಗಿಸಿದರು. "ಯಾರು ಇದನ್ನ ಉಜ್ಜಿದ್ದು?"

"ನಾನೇ ಸಾರ್. ಕೈ... ಕೈ ಹೋಗ್ಬಿಡ್ತು."

"ಬೆಸುಗೆ ಎಲ್ಲಿ ಶುರುವಾಯ್ತು, ಎಲ್ಲಿ ನಿಂತಿತು, ಏನೂ ಗೊತ್ತಾಗ್ತಾ ಇಲ್ಲ. ನಿಮ್ಮ ಕೆಲಸ ಎಲ್ಲಿದೆ ಇದರಲ್ಲಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುವವರಂತೆ ಕೇಳಿದ್ದರು. "ಚೆನ್ನಾಗೇ ಇರಬಹುದು. ಆದ್ರೆ ನಾನು ಯಾವುದಕ್ಕೆ ಅಂಕ ಕೊಡ್ಲಿ? ಇದು ತಿರಸ್ಕಾರ. ನಿಯಮದ ಪ್ರಕಾರ ಇನ್ನೊಂದು ಜೊತೆ ಪ್ಲೇಟು ಕೊಡ್ತೀನಿ, ಇವತ್ತೇ. ಅದೂ ಹೋದ್ರೆ ಮುಂದಿನ ತಂಡದ ಜೊತೆ ಬನ್ನಿ."

ಮುಂದಿನ ತಂಡ ಬರುವ ಹೊತ್ತಿಗೆ ಶೆಡ್ಡಿನ ಆ ಜಾಗದಲ್ಲಿ ಬೇರೆ ಯಾರೋ ನಿಂತಿರುತ್ತಾರೆ.

ಜೇನು ಪರದೆ ಸರಿಸಿ ಇಣುಕಿದ. "ನನಗೆ ಬೈದೋಳು ನೀನೇ ಉಜ್ಜಿಬಿಟ್ಯಲ್ಲಕ್ಕಾ!"

"ಮುಚ್ಕೊಂಡು ಹೋಗೋ."

ಅವರಿಬ್ಬರ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿ ಸುದ್ದಿ ಕೇಳಿ ತಲೆ ತಗ್ಗಿಸಿದರು. ಆಮೇಲೆ ಅವರ ಭುಜಗಳು ಅಲುಗತೊಡಗಿದವು. ನಗುತ್ತಿದ್ದರು. "ಬೇರೆಯವರು ಬೆಸೆಯೋದ್ರಲ್ಲಿ ತಪ್ಪು ಮಾಡಿ ಫೇಲಾಗ್ತಾರೆ. ನೀನು ಒರೆಸೋದ್ರಲ್ಲಿ ಫೇಲಾದ್ಯಲ್ಲೇ, ತಾಯಿ!"

ಅವಳಿಗೂ ಅಳು ಬರುವ ಜಾಗದಲ್ಲಿ ನಗು ಬಂತು. ನಗುತ್ತ ನೀರು ಕುಡಿದಳು, ಕೈಯನ್ನು ಚೆನ್ನಾಗಿ ಒರೆಸಿ ಒಣಗಿಸಿಕೊಂಡಳು. ಒಂದು ಕ್ಷಣ ಅಂಗೈಯನ್ನೇ ನೋಡಿದಳು. ಕೈಯದೇನು ತಪ್ಪು? ಇಷ್ಟು ವರ್ಷ ಅದಕ್ಕೆ ಕಲಿಸಿದ್ದೇ ಅದು. ಯಾರ ಗುಬ್ಬಿ ಕಂಡರೂ ಅಳಿಸು. ತನ್ನದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಎರಡನೆಯ ಸಲ ಕೊನೆಯ ಪದರಕ್ಕೆ ಬಂದಾಗ ಅವಳು ಮೊದಲು ಒಂದು ಕೆಲಸ ಮಾಡಿದಳು. ಗ್ರೈಂಡರಿನ ಪ್ಲಗ್ಗು ಕಿತ್ತು, ವೈರು ಸುತ್ತಿ, ಪರದೆಯ ಹೊರಗೆ ತೆಗೆದುಕೊಂಡು ಹೋಗಿ ಮೇಸ್ತ್ರಿಯ ಮಡಿಲಲ್ಲಿ ಇಟ್ಟಳು.

"ಇದನ್ನ ಹಿಡ್ಕೊಂಡಿರಿ. ನಾನು ಕೇಳಿದ್ರೂ ಕೊಡ್ಬೇಡಿ."

"ಕಾಲಿಗೆ ಬಿದ್ರೂ ಕೊಡಲ್ಲ" ಎಂದರು ಮೇಸ್ತ್ರಿ, ಅದನ್ನು ಹಸುಗೂಸಿನಂತೆ ತಬ್ಬಿಕೊಂಡು.

"ಕಣ್ಣು!"

ಈ ಸಲ ಅಳಿಸುವ ಸಾಧನ ಇರಲಿಲ್ಲ. ಹಾಗಾಗಿ ಪ್ರತಿಯೊಂದು ಅಲುಗಾಟವೂ ಉಳಿಯುವಂಥದು. ಎಡ ಅಂಚಿನಲ್ಲಿ ಒಂದು ಉಸಿರು ನಿಂತು, ನಡುವೆ ಬೇಗ ದಾಟಿ, ಬಲ ಅಂಚಿನಲ್ಲಿ ಒಂದು ಉಸಿರು. ಮತ್ತೆ ಎಡಕ್ಕೆ. ರಾಡು ಚಿಕ್ಕದಾದಂತೆ ಕೈಯನ್ನು ಹತ್ತಿರ ತಂದು, ಬೆಳಕಿನ ಉದ್ದ ಹೆಚ್ಚಾಗದಂತೆ ನೋಡಿಕೊಂಡಳು. ರಾಡು ಬದಲಿಸಬೇಕಾದ ಜಾಗ ಬಂತು. ಕಿಟ್ಟ ಕೆತ್ತಿ, ಹೊಸ ರಾಡನ್ನು ನಿಂತ ಕಡೆಯಿಂದ ತುಸು ಮೇಲೆ ಹೊತ್ತಿಸಿ, ಬೆಳಕು ನೆಲೆಯಾದ ಮೇಲೆ ಕೆಳಗಿನ ಕುಳಿಯೊಳಕ್ಕೆ ಇಳಿಸಿ ಅದನ್ನು ತುಂಬಿಸಿಕೊಂಡು ಮೇಲಕ್ಕೆ ಹೊರಟಳು. ಉಜ್ಜುವಾಗ ಎಲ್ಲರ ಗುಬ್ಬಿಗಳೂ ಅಲ್ಲೇ ಸಿಗುತ್ತಿದ್ದವು. ಅವು ಯಾಕೆ ಏಳುತ್ತವೆ ಎಂದು ಅವಳ ಕೈಗೆ ಈಗ ತಿಳಿಯಿತು.

ಮುಗಿದಾಗ ಮೊದಲು ಉಳಿದ ತುಂಡು ರಾಡನ್ನು ಹೋಲ್ಡರಿನಿಂದ ತೆಗೆದು ಡಬ್ಬಿಗೆ ಹಾಕಿದಳು, ಮಷೀನು ಆರಿಸಿದಳು, ಆಮೇಲೆ ಕಿಟ್ಟ ತೆಗೆದಳು. ಕಿಟ್ಟ ಒಂದೇ ಪಟ್ಟಿಯಾಗಿ ಸುರುಳಿ ಬಿಚ್ಚಿಕೊಂಡು ಬಿತ್ತು. ಕೆಳಗೆ ಅಲೆಯ ಮೇಲೆ ಅಲೆ. ನುಣ್ಣಗಿರಲಿಲ್ಲ. ನಡುವೆ ಒಂದು ಕಡೆ ಸಣ್ಣ ಸೊಟ್ಟ. ಕೈ ತುರಿಸಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆಡ್‌ಮಾಸ್ಟರ ಮುಂದೆ ನಿಂತ ವಿದ್ಯಾರ್ಥಿನಿಯಂತೆ ಕಾದಳು.

ಪರೀಕ್ಷಕರು ಬಹಳ ಹೊತ್ತು ನೋಡಿದರು. ಅಳತೆಪಟ್ಟಿ ಇಟ್ಟರು, ತೆಗೆದರು. "ಇಲ್ಲಿ ಸ್ವಲ್ಪ ಕೈ ಅಲುಗಿದೆ."

"ಹೌದು ಸಾರ್."

"ಅಳತೆಯೊಳಗೇ ಇದೆ. ಮುಂದಿನದಕ್ಕೆ ಹೋಗಬಹುದು."

ಮುಂದಿನದು ಬಗ್ಗಿಸುವುದು. ಪ್ಲೇಟಿನಿಂದ ಬೆಸುಗೆಗೆ ಅಡ್ಡಲಾಗಿ ಎರಡು ಪಟ್ಟಿ ಕತ್ತರಿಸಿ ಒತ್ತುವ ಯಂತ್ರದಲ್ಲಿ ಕುದುರೆ ಲಾಳದ ಹಾಗೆ ಬಗ್ಗಿಸುತ್ತಾರೆ. ಒಂದರಲ್ಲಿ ಬೆಸುಗೆಯ ಮೇಲ್ಮೈ ಹೊರಗೆ, ಇನ್ನೊಂದರಲ್ಲಿ ಬುಡ ಹೊರಗೆ. ಒಳಗೆ ಸುಳ್ಳಿದ್ದರೆ ಅಲ್ಲಿ ಬಾಯಿ ಬಿಡುತ್ತದೆ. ಬಗ್ಗಿಸುವ ಮೊದಲು ಕೇಂದ್ರದ ಸಹಾಯಕ ಪಟ್ಟಿಯ ಮೇಲಿನ ಉಬ್ಬನ್ನು ಗ್ರೈಂಡರಿನಿಂದ ಸಮ ಮಾಡತೊಡಗಿದ. ಅವಳ ಅಲೆಗಳೆಲ್ಲ ಒಂದೊಂದಾಗಿ ಮಾಯವಾದವು.

"ಅದನ್ನೇ ನಾನು ಮಾಡಿದ್ದಕ್ಕೆ ತಿರಸ್ಕಾರ ಅಂದ್ರಲ್ಲ, ಸಾರ್!" ಬಾಯಿ ತಪ್ಪಿ ಹೇಳಿಬಿಟ್ಟಳು.

ಪರೀಕ್ಷಕರ ತೆಳ್ಳನೆಯ ತುಟಿ ಮೊದಲ ಸಲ ಅಗಲವಾಯಿತು. "ನಾನು ನೋಡಿದ ಮೇಲೆ ಉಜ್ಜೋದು ಬೇರೆ, ನೋಡೋ ಮುಂಚೆ ಉಜ್ಜೋದು ಬೇರೆ, ಅಮ್ಮ."

ಯಂತ್ರದ ಹಿಡಿಯನ್ನು ಸಹಾಯಕ ಒತ್ತುತ್ತ ಹೋದ. ಮೊದಲ ಪಟ್ಟಿ ನಡು ಬಗ್ಗಿತು, ಇನ್ನಷ್ಟು ಬಗ್ಗಿತು. ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದರು, ಗ್ರೈಂಡರು ಇನ್ನೂ ಅವರ ಕಂಕುಳಲ್ಲೇ. ಅವಳು ಮಾತ್ರ ಕಣ್ಣು ಕೀಳಲಿಲ್ಲ. ಲೋಹ ಎಳೆಸಿಕೊಂಡು, ಮೈ ಬಿಗಿಸಿಕೊಂಡು, ಲಾಳವಾಯಿತು. ಪರೀಕ್ಷಕರು ಬೆನ್ನಿನ ಮೇಲೆ ಬೆರಳಾಡಿಸಿ, ಟಾರ್ಚು ಹಾಕಿ, ಪಕ್ಕಕ್ಕಿಟ್ಟರು. ಎರಡನೆಯದು. ಬುಡ ಹೊರಗೆ. ಮೊದಲ ಪದರದಲ್ಲಿ ಕೈ ನಡುಗಿದ್ದರೆ ಈಗ ಗೊತ್ತಾಗುತ್ತದೆ. ಹಿಡಿ ಇಳಿಯಿತು. ಏನೋ ಟಕ್ಕೆಂದಿತು.

ಅವಳು ಯಂತ್ರದ ಮೇಲೆ ಬಾಗಿದಳು.

"ಯಂತ್ರದ ಪಿನ್ನು, ದಿನಾ ಹಂಗೇ ಕೂಗುತ್ತೆ" ಎಂದ ಸಹಾಯಕ.

ಪಟ್ಟಿ ಬಗ್ಗಿ ಮುಗಿದಿತ್ತು. ಬೆನ್ನಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಬೆಸುಗೆ ಎಲ್ಲಿದೆ, ಪ್ಲೇಟು ಎಲ್ಲಿದೆ ಎಂದು ಲೋಹಕ್ಕೇ ಮರೆತುಹೋಗಿತ್ತು.

"ಪಾಸು" ಎಂದರು ಪರೀಕ್ಷಕರು, ಮತ್ತು ಆ ತೆಳ್ಳಗಿನ ಮನುಷ್ಯ ಎರಡೂ ಲಾಳಗಳನ್ನು ಅವಳ ಕೈಗೆ ಇಡುವಾಗ ಸ್ವಲ್ಪ ಬಾಗಿದ್ದನ್ನು ಅವಳು ನೋಡಿದಳು.

ಮೇಸ್ತ್ರಿ ತಿರುಗಿದರು. ಕೈಯಲ್ಲಿದ್ದ ಗ್ರೈಂಡರನ್ನೇ ಎತ್ತಿ ಹಿಡಿದು ಕುಣಿದರು. ಮೊದಲ ಜೊತೆ ಪ್ಲೇಟಿನಲ್ಲಿ ತೂತು ಬೀಳಿಸಿದ್ದ ಜೇನುವೂ ಎರಡನೆಯ ಜೊತೆಯಲ್ಲಿ ದಡ ಮುಟ್ಟಿದ್ದ. "ರಾಡು ಪೆಟ್ಟಿಗೆಯಲ್ಲಿಟ್ರೆ ತೂತು ಬೀಳಲ್ಲ ಅಂತ ಇಷ್ಟು ದಿನ ಯಾರೂ ಹೇಳ್ಲೇ ಇಲ್ಲ!" ಎಂದು ಕೂಗಿದ. ಮೇಸ್ತ್ರಿ ಅವನ ತಲೆಗೆ ಒಂದು ಮೊಟಕಿದರು. ದಾರಿಯುದ್ದಕ್ಕೂ ಮೂವರೂ ಯಾರ ಮಾತು ಯಾರಿಗೂ ಕೇಳಿಸದಷ್ಟು ಮಾತಾಡಿದರು. ಅವಳು ಹೆಚ್ಚು ನಕ್ಕಳು. ಮೈಯೆಲ್ಲ ಹಗುರ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಶೆಡ್ಡಿನಲ್ಲಿ ಯಜಮಾನರು ಲಾಳವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾಳೆಯಿಂದ ಆ ಜಾಗ ನಿಂದು" ಎಂದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಮೆಟ್ಟಿಲಿನ ಕೆಲಸದಲ್ಲಿ ಪ್ರತಿ ಬೆಸುಗೆಯ ಪಕ್ಕ ಬೆಸೆದವರ ಗುರುತನ್ನು ಉಕ್ಕಿನ ಅಚ್ಚಿನಿಂದ ಹೊಡೆಯಬೇಕು. ನಾಳೆ ಏನಾದರೂ ಆದರೆ ಯಾರ ಕೆಲಸ ಎಂದು ಗೊತ್ತಾಗಬೇಕು. ಅವಳಿಗೂ ಒಂದು ಅಚ್ಚು ಮಾಡಿಸಬೇಕು. ಯಾವ ಗುರುತು?

"ಪಾ ಅಂತ ಹಾಕಿಸಿ, ಪಾಲಿಶಕ್ಕ" ಎಂದ ಜೇನು.

"ಇನ್ನೆಲ್ಲಿ ಪಾಲಿಶು? ಚಂದ್ರನ ಹಾಗೆ ಒಂದು ಅರ್ಧ ವೃತ್ತ ಹಾಕ್ಸೋಣ" ಎಂದರು ಮೇಸ್ತ್ರಿ.

ಮನೆಯಲ್ಲೂ ಅದೇ ಚರ್ಚೆ. ಗಂಡ ಲಾಳವನ್ನು ತನ್ನ ಮೊಣಕಾಲಿಗೆ ಒತ್ತಿ ಬಿಚ್ಚಲು ನೋಡಿ ಸೋತ. "ಅಬ್ಬಾ, ಗಟ್ಟಿ ಇದೆ ಕಣೇ" ಎಂದ. ಅದರಲ್ಲಿ ಹೆಮ್ಮೆ ಇತ್ತು. ಮರುಕ್ಷಣವೇ, "ನನ್ನ ಹೆಸರಿನ ಮೊದಲ ಅಕ್ಷರ ಹಾಕ್ಸು. ಅದೇ ಸರಿ" ಎಂದ.

"ಹೊಗೆ ಕುಡಿದೋಳು ಅವಳು, ಅಕ್ಷರ ನಿಂದಾ?" ಎಂದರು ಅತ್ತೆ. "ಒಂದು ಹೂವು ಹಾಕಿಸ್ಕೊಳ್ಳೇ. ಚೆನ್ನಾಗಿರುತ್ತೆ."

"ಹೂವಂತೆ! ಅದೇನು ಸೀರೆ ಅಂಚಾ?"

"ನಿನ್ನ ಅಕ್ಷರಕ್ಕಿಂತ ಮೇಲು."

ಅವಳು ಈ ಸಲ ನಡುವೆ ಬಾಯಿ ಹಾಕಲಿಲ್ಲ. ಇಬ್ಬರೂ ಕಚ್ಚಾಡಿಕೊಂಡರು, ಸ್ವಲ್ಪ ಹೊತ್ತಿಗೆ ಇಬ್ಬರೂ ತಾವಾಗಿಯೇ ನಗತೊಡಗಿದರು. ಉಜ್ಜದಿದ್ದರೂ ಮನೆ ಕುಸಿದು ಬೀಳಲಿಲ್ಲ.

ಅಕ್ಷರವೋ, ಚಂದ್ರನೋ, ಹೂವೋ, ಅವಳಿಗೆ ಯಾವುದಾದರೂ ಆದೀತು. ಅವಳು ಯೋಚಿಸುತ್ತಿದ್ದದ್ದು ಬೇರೆ. ಅಚ್ಚನ್ನು ಎಲ್ಲರೂ ಮೆಟ್ಟಿಲಿನ ಅಡಿಯಲ್ಲಿ, ಬಣ್ಣ ಬಳಿದರೆ ಮುಚ್ಚಿಹೋಗುವ ಕಡೆ ಹೊಡೆಯುತ್ತಾರಂತೆ. ಅಂದ ಕೆಡಬಾರದು ಎಂದು. ಬೆಸುಗೆಯ ಯಾವ ಬದಿಗೆ ಹೊಡೆಯಬೇಕೆಂದು ಕರಾರಿನಲ್ಲಿ ಬರೆದಿಲ್ಲ ಎಂದು ಮೇಸ್ತ್ರಿಯಿಂದ ಸಂಜೆಯೇ ಕೇಳಿ ತಿಳಿದುಕೊಂಡಿದ್ದಳು. ಯಾಕೆ ಕೇಳಿದೆ ಎಂದು ಅವರು ಕೇಳಿರಲಿಲ್ಲ.

ಅವಳು ತನ್ನದನ್ನು ಎದುರಿಗೇ ಹೊಡೆಯುವವಳಿದ್ದಳು. ಮೆಟ್ಟಿಲಿನ ಕೈಕಂಬಿಯ ಮೇಲೆ, ಇಳಿಯುವವರ ಕೈ ತಾಗುವ ಎತ್ತರದಲ್ಲಿ, ಎಷ್ಟು ಬಣ್ಣ ಬಳಿದರೂ ಬೆರಳಿಗೆ ಸಿಗುವಷ್ಟು ಆಳವಾಗಿ.

"ಏನೇ ಯೋಚನೆ?" ಎಂದ ಗಂಡ.

"ಏನಿಲ್ಲ" ಎಂದಳು ಅವಳು, ಮತ್ತು ಎದ್ದು ನಾಳೆಯ ಅಂಗಿಯ ಗುಂಡಿಗಳು ಗಟ್ಟಿಯಾಗಿವೆಯೇ ಎಂದು ಒಂದೊಂದನ್ನೇ ಎಳೆದು ನೋಡತೊಡಗಿದಳು.